ನಂದಿಬಟ್ಟಲಿನ ಬುಡದ ಮೊಟ್ಟೆ

ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಪದವನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ. ಈರುಳ್ಳಿ ಬೆಳ್ಳುಳ್ಳಿಯವರೆಗೆ ಅಡ್ಡಿಯಿಲ್ಲ, ಅಲ್ಲಿಂದಾಚೆಗೆ ದಾರಿ ಮುಚ್ಚಿದೆ. ಟಿ.ವಿ.ಯಲ್ಲಿ ಯಾರಾದರೂ ಆ ಪದ ಆಡಿದರೆ ಅವ್ವ ಜೋರಾಗಿ ಕೆಮ್ಮುತ್ತಾಳೆ. ಹೇಳಲೇಬೇಕಾದ ಪ್ರಸಂಗ ಬಂದರೆ 'ಅದು' ಎನ್ನುತ್ತಾಳೆ. ಹೀಗಾಗಿ ಆ ಬೆಳಿಗ್ಗೆ ಹಿತ್ತಲಿನಿಂದ, "ಬಾರ್ಲಾ ಇಲ್ಲಿ, ಅದು ಬಂದದೆ" ಎಂದು ಅವ್ವ ಕೂಗಿದಾಗ ನಾನು ಹಾವೇ ಇರಬೇಕೆಂದು ದೊಣ್ಣೆ ಹಿಡಿದು ಓಡಿದೆ.

ಹಾವಾಗಿದ್ದರೆ ಒಳ್ಳೆಯದಿತ್ತು. ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತಿತ್ತು.

ನಂದಿಬಟ್ಟಲಿನ ಬುಡದಲ್ಲಿ, ಉದುರಿದ ತರಗೆಲೆಯ ನಡುವೆ ಒಂದು ಸಣ್ಣ ಕುಳಿ. ಅದರೊಳಗೆ ಒಂದು ಮೊಟ್ಟೆ. ಬಿಳಿಯೂ ಅಲ್ಲ, ಕಂದೂ ಅಲ್ಲ. ಹಾಲು ಹೆಚ್ಚಾದ ಕಾಫಿಯ ಬಣ್ಣ. ಅವ್ವ ಹೂವಿನ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು, ಚಪ್ಪಲಿ ಬಿಡದೆ ಒಳಗೆ ಬಂದ ನೆಂಟನನ್ನು ನೋಡುವ ಹಾಗೆ ಅದನ್ನು ನೋಡುತ್ತಿದ್ದಳು. ನಮ್ಮ ಪಣಕಹಳ್ಳಿಯಲ್ಲಿ ಆನೆ ಹಿತ್ತಲಿಗೆ ಬಂದು ಹೋದರೂ ಇಷ್ಟು ಹೊತ್ತು ಯಾರೂ ನಿಂತು ನೋಡುವುದಿಲ್ಲ. ಬೇಲಿ ಕಟ್ಟಿ, ಬೈದು, ಕೆಲಸಕ್ಕೆ ಹೋಗುತ್ತಾರೆ.

ಅವ್ವನ ಕಾನೂನು ಸ್ಪಷ್ಟವಾಗಿತ್ತು. ಅದು ಕೋಳಿಯದಾದರೆ ಆ ಗಿಡದ ಹೂವು ಇನ್ನು ಲಿಂಗಕ್ಕೆ ಸಲ್ಲುವುದಿಲ್ಲ. ಕಾಡುಹಕ್ಕಿಯದಾದರೆ ಅಡ್ಡಿಯಿಲ್ಲ, ಅದು ಶಿವನ ಸೃಷ್ಟಿ. ಹಾಗಾದರೆ ಕೋಳಿ ಯಾರ ಸೃಷ್ಟಿ ಎಂದು ಕೇಳಿದೆ. "ಅದು ಮನುಸ್ರು ಮಾಡ್ಕಂಡದ್ದು ಕಣ್ಲಾ" ಎಂದಳು. ಎಂಬತ್ತು ದಾಟಿದ, ಓದು ಬರಹ ತಿಳಿಯದ ಹೆಂಗಸು; ವಿಜ್ಞಾನಿಗಳೂ ಕೊಂಚ ಹಾಗೇ ಹೇಳುತ್ತಾರಲ್ಲ ಎಂದು ಒಪ್ಪಿಕೊಂಡೆ. ಕೋಳಿಗಳು ದಿನವೂ ಹಿತ್ತಲಲ್ಲಿ ಓಡಾಡಿಕೊಂಡು ಹೋಗುತ್ತವಲ್ಲ, ಆಗ ಮೈಲಿಗೆಯಿಲ್ಲವೆ ಎಂದು ಮತ್ತೆ ಕೆಣಕಿದೆ. ಕೋಳಿ ಓಡಾಡಿದ್ದಕ್ಕೆ ಶಾಸ್ತ್ರವಿಲ್ಲವಂತೆ, ಇಟ್ಟದ್ದಕ್ಕೆ ಮಾತ್ರ ಶಾಸ್ತ್ರವಂತೆ.

ಬೇರೆ ಹೂವು ತರೋಣವೆಂದರೆ ಕಣಗಿಲೆ ಗಿಡವನ್ನು ಹಿಂದಿನ ತಿಂಗಳಷ್ಟೇ ಆನೆ ತುಳಿದಿತ್ತು. ತುಂಬೆ ಇನ್ನೂ ಚಿಗುರಿರಲಿಲ್ಲ. ತಾಳವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಹೂವನ್ನು ಯಾರ ಮೂಗು ಮೂಸಿದೆಯೋ ಯಾರಿಗೆ ಗೊತ್ತು, ಅದು ಲಿಂಗಕ್ಕೆ ಬೇಡ. ಅವ್ವ ಅಂದು ಬರೀ ಪತ್ರೆ, ವಿಭೂತಿಯಲ್ಲಿ ಪೂಜೆ ಮುಗಿಸಿದಳು. ಊಟಕ್ಕೆ ಕೂತಾಗ ಮುದ್ದೆಯನ್ನು ಎರಡು ಭಾಗ ಮಾಡಿ ಒಂದನ್ನು ತಟ್ಟೆಯಿಂದ ತೆಗೆದಿಟ್ಟಳು. ಮರುದಿನವೂ ಹಾಗೆಯೇ. ಸಿಟ್ಟೇನೂ ಇಲ್ಲ, ಹಟವೂ ಇಲ್ಲ. ಹೂವಿಟ್ಟು ಪೂಜೆ ಮಾಡದೆ ಹಸಿವೇ ಹುಟ್ಟುವುದಿಲ್ಲ ಎಂದಳು. ಆ ವಯಸ್ಸಿನವರು ಒಂದು ಸಲ ಅರ್ಧ ಮುದ್ದೆಗೆ ಇಳಿದರೆ ಮತ್ತೆ ಇಡೀ ಮುದ್ದೆಗೆ ಹತ್ತುವುದು ಕಷ್ಟ ಎಂಬುದನ್ನು ನಾನೂ ನನ್ನ ಹೆಂಡತಿ ಮಂಗಳಳೂ ಬೇರೆ ಮನೆಗಳಲ್ಲಿ ನೋಡಿದ್ದೆವು.

"ಬಿರ್‍ರನೆ ಅದ್ಯಾವುದು ಅಂತ ಗೊತ್ ಮಾಡಿ" ಎಂದಳು ಮಂಗಳ. "ನೀವು ಓದಿರೋರಲ್ವ?"

ಓದಿರುವುದು ನಿಜ. ಮೈಸೂರಿನಲ್ಲಿ ಎಂ.ಎ. ಮಾಡಿ, ಗಡಿಯಾಚೆಯ ಕನ್ನಡ ಸೀಮೆಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ತರ್ಕಶಾಸ್ತ್ರ ಹೇಳಿಕೊಟ್ಟವನು ನಾನು. ಹೊಗೆ ಕಂಡರೆ ಬೆಂಕಿ ಉಂಟೆಂದು ಒಪ್ಪುವ ಮೊದಲು ಅದು ಮಂಜಲ್ಲವೇ ಎಂದು ಕೇಳಿ ಎಂದು ಹುಡುಗರಿಗೆ ಕಲಿಸಿದವನು. ನಿವೃತ್ತನಾಗಿ ಊರಿಗೆ ಬಂದ ಮೇಲೆ ನನ್ನ ಸಂಶಯಕ್ಕೆ ಸಿಕ್ಕಿದ್ದು ರಾಗಿ, ಜೋಳ, ಮತ್ತು ಮಂಗಳ ಹೇಳುವ ಬಸ್ಸಿನ ವೇಳೆ, ಇಷ್ಟೇ. ಈಗ ತಾನಾಗಿಯೇ ಒಂದು ಸಮಸ್ಯೆ ಕಾಲ ಬಳಿ ಬಂದು ಬಿದ್ದಿತ್ತು. ನನಗೆ ಒಳಗೊಳಗೇ ಖುಷಿಯಾಯಿತು ಎಂದರೆ ನೀವು ಅವ್ವನಿಗೆ ಹೇಳಬಾರದು.

ಇದಲ್ಲದೆ ಈ ವಿಷಯದಲ್ಲಿ ನನಗೊಂದು ಗುಟ್ಟಿನ ಅರ್ಹತೆಯೂ ಇತ್ತು. ಹಾಸ್ಟೆಲಿನಲ್ಲಿದ್ದಾಗ ಒಂದು ಸಂಜೆ ನಾನು ಮೊಟ್ಟೆ ತಿಂದಿದ್ದೆ. ಇದು ನನ್ನ ಬಾಳಿನ ಏಕೈಕ ಕ್ರಾಂತಿ. ತಿಂದೆ, ಆಕಾಶ ಬೀಳಲಿಲ್ಲ, ಅಂದಿನಿಂದ ನಾನು ಸಂಶಯವಾದಿಯಾದೆ ಎಂದು ಮದುವೆಯಾದ ಹೊಸದರಲ್ಲಿ ಮಂಗಳಳಿಗೆ ಹೇಳಿದ್ದೆ. ಅವಳು ಬಾಯಿ ಮುಚ್ಚಿಕೊಂಡು ಕೇಳಿ, ಅವ್ವನ ಮುಂದೆ ಮಾತ್ರ ಹೇಳಬೇಡಿ ಎಂದಿದ್ದಳು. ಆಮೇಲೆ ಆಗಾಗ, ಯಾವುದಾದರೂ ಶಾಸ್ತ್ರದ ವಿಷಯದಲ್ಲಿ ಸೋತಾಗಲೆಲ್ಲ, ನಾನು ಈ ಕ್ರಾಂತಿಯನ್ನು ಅವಳಿಗೆ ನೆನಪಿಸುತ್ತಿದ್ದೆ.

ಈಗ ಅವಳು ಅವರೆಕಾಯಿ ಸುಲಿಯುತ್ತ, ಹಾಗಾದರೆ ನಿಮಗೆ ಕೋಳಿಯದು ಗೊತ್ತೇ ಇರಬೇಕಲ್ಲ, ಸಿಪ್ಪೆ ಯಾವ ಬಣ್ಣ ಇತ್ತು ಎಂದು ಕೇಳಿದಳು. ನಾನು ಯೋಚಿಸಿದೆ. ಸಿಪ್ಪೆ ನೆನಪಿಗೆ ಬರಲಿಲ್ಲ. ಆಮ್ಲೆಟ್ ಆದ್ದರಿಂದ ಸಿಪ್ಪೆ ನೋಡಲಿಲ್ಲವೆಂದೆ. "ನಮ್ ಮದ್ವೆ ವರ್ಸ ಅದು ಬೇಸಿದ್ದು ಅಂದಿದ್ರಿ" ಎಂದಳು. "ಮೆಣಸಿನ ಪುಡಿ ಹಾಕಂಡು ತಿಂದೆ ಅಂದಿದ್ರಿ. ಮಗಳ ಮದ್ವೆ ವರ್ಸ ಎರಡಾಗಿತ್ತು."

ಇಷ್ಟು ವರ್ಷ ಅವಳು ಅವರೆಕಾಯಿಯ ಜೊತೆಗೆ ನನ್ನ ಮಾತನ್ನೂ ಸುಲಿದು ಬೇರೆ ಬೇರೆ ಇಡುತ್ತಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಪಕ್ಕಕ್ಕೆ ಹೋಗಿ ಕೂತು ಆ ಸಂಜೆಯನ್ನು ಪ್ರಾಮಾಣಿಕವಾಗಿ ನೆನಪಿಸಿಕೊಂಡೆ. ನನ್ನ ಕೋಣೆಯ ಜೊತೆಗಾರ ಹಳೆಯ ಪತ್ರಿಕೆ ಹಾಸಿ ಕೂತಿದ್ದ. ಬೆರಳಲ್ಲಿ ಉಪ್ಪು ಅದ್ದಿಕೊಳ್ಳುತ್ತಿದ್ದ. ಅವನ ಕೆನ್ನೆ ಒಂದು ಕಡೆ ಉಬ್ಬಿ, ಕಣ್ಣು ಅರ್ಧ ಮುಚ್ಚಿತ್ತು. ಇದೆಲ್ಲ ನಿನ್ನೆ ಕಂಡಂತಿದೆ. ಆದರೆ ನನ್ನ ಬಾಯಿಯ ರುಚಿ? ಅದು ಮಾತ್ರ ಇಲ್ಲ. ನಿಮಗೆ ಹೇಳಲು ನಾಚಿಕೆ, ಮೊಟ್ಟೆ ತಿಂದವನು ಅವನು, ನಾನು ನೋಡಿದವನು ಇರಬಹುದು. ಅನುಭವ ಅವನದು, ಕಥೆ ನನ್ನದು. ನಲವತ್ತು ವರ್ಷದ ಹಿಂದಿನ ಆ ಕ್ರಾಂತಿಯಲ್ಲಿ ನಾನು ಬಹುಶಃ ಉಪ್ಪಿನ ಪೊಟ್ಟಣ ಹಿಡಿದುಕೊಂಡಿದ್ದೆ.

ಇರಲಿ, ಇನ್ನೊಂದು ನೆನಪಿತ್ತು. ಅದು ಗಟ್ಟಿ. ದೊಡ್ಡಗಾಜನೂರಿನಲ್ಲಿ ನಮ್ಮ ಸೋದರಮಾವನ ಹೊಲ; ರಾಗಿ ತೆನೆ ಕುಯ್ಯುವಾಗ ಸಿಕ್ಕಿದ ನವಿಲಿನ ಮೊಟ್ಟೆ; ಅದನ್ನು ನಾನು ಎರಡು ಕೈಯಲ್ಲಿ ಎತ್ತಿ ಹಿಡಿದದ್ದು; ಒಳಗಿನ ಬಿಸಿ; ಕೆನೆ ಬಣ್ಣ, ಸುಣ್ಣ ಉಜ್ಜಿದ ಗೋಡೆಯ ಹಾಗೆ ಹೊಳಪು. ನಮ್ಮ ಹಿತ್ತಲಿನದೂ ಅದೇ ಬಣ್ಣ. ಖಚಿತ ಮಾಡಿಕೊಳ್ಳೋಣವೆಂದು ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಅದೇ ಮಾವನ ಮನೆಗೆ ಸೊಸೆಯಾಗಿ ಹೋದವಳು, ಆ ಹೊಲದ ಪಕ್ಕದಲ್ಲೇ ಇದ್ದಾಳೆ.

ಅಕ್ಕ ಪೂರ್ತಿ ಕೇಳಿ ಮುಗಿಸಿ ಹೇಳಿದಳು: "ನೀನೆಲ್ಲಿದ್ಲಾ ಅಲ್ಲಿ? ನಿಂಗೆ ಮೈಮೇಲೆ ಅಮ್ಮ ಎದ್ದು ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ರು. ಮೊಟ್ಟೆ ಎತ್ತಿದ್ದು ನಾನು. ಬಂದು ನಿಂಗೆ ಏಳ್ದೆ. ನೀನು ಅತ್ಕಂಡೆ, ನಂಗೂ ಬೇಕು ಅಂತ."

ಮದುವೆಯಾಗಿ ಮಾವನ ಮನೆ ಸೇರಿದ ಮೇಲೆ ಅವಳ ನಾಲಗೆ ಆ ಪದಕ್ಕೆ ಹೆದರುವುದನ್ನು ಬಿಟ್ಟಿದೆ. ನನಗೆ ಅದಕ್ಕಿಂತ ದೊಡ್ಡ ಆಘಾತ ಬೇರೆಯದು. ಒಂದೇ ಬೆಳಿಗ್ಗೆ ಎರಡು ಮೊಟ್ಟೆ ಕಳೆದುಕೊಂಡಿದ್ದೆ, ಒಂದು ಬಾಯಿಂದ, ಒಂದು ಕೈಯಿಂದ. ಹೋಗಲಿ, ಅದು ಎಷ್ಟು ದೊಡ್ಡದಿತ್ತು, ಅದನ್ನಾದರೂ ಹೇಳು ಎಂದೆ. ಅಂಗೈ ತುಂಬ ಇತ್ತು ಎಂದಳು.

ಹಿತ್ತಲಿಗೆ ಹೋಗಿ, ಮುಟ್ಟದೆ, ಮೊಟ್ಟೆಯ ಮೇಲೆ ನನ್ನ ಅಂಗೈ ಹಿಡಿದು ನೋಡಿದೆ. ತುಂಬುವಂತಿರಲಿಲ್ಲ. ಅರ್ಧ ಅಂಗೈಗೆ ಬರುತ್ತಿತ್ತು. ಇಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಎದ್ದು ಮನೆಗೆ ಹೋಗುತ್ತಿದ್ದ. ನಾನು ತರ್ಕಶಾಸ್ತ್ರದ ಮೇಷ್ಟ್ರು. ಅಕ್ಕನಿಗೆ ಆಗ ಹತ್ತು ವರ್ಷ. ಹತ್ತು ವರ್ಷದ ಹುಡುಗಿಯ ಅಂಗೈ ನನ್ನದರ ಅರ್ಧ. ಅವಳ ಅಂಗೈ ತುಂಬಿದ್ದು ನನ್ನ ಅಂಗೈಯ ಅರ್ಧಕ್ಕೆ ಬರಲೇಬೇಕು. ಲೆಕ್ಕ ಎಷ್ಟು ಸೊಗಸಾಗಿ ಕೂತಿತೆಂದರೆ ನನಗೇ ನನ್ನ ಬೆನ್ನು ತಟ್ಟಿಕೊಳ್ಳುವ ಹಾಗಾಯಿತು.

ಆದರೂ ಎದುರು ಪಕ್ಷದ ಸಾಕ್ಷಿಯನ್ನು ನೋಡದೆ ತೀರ್ಪು ಕೊಡಬಾರದಲ್ಲ. ಗಾಡಿ ಹತ್ತಿ ತಾಳವಾಡಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮೊಟ್ಟೆ ಅಂಗಡಿಯಿದೆ. ಇಷ್ಟು ವರ್ಷ ಅದರ ಮುಂದೆ ಹಾದುಹೋಗುವಾಗ ಎದುರಿನ ಗೊಬ್ಬರದ ಅಂಗಡಿಯ ಕಡೆ ನೋಡಿಕೊಂಡೇ ಹೋಗಿದ್ದೇನೆ. ಇಂದು ನೇರ ಹೋಗಿ ನಿಂತೆ. ಮೊಟ್ಟೆ ಜೋಡಿಸಿದ ರಟ್ಟಿನ ಅಟ್ಟೆಯ ಮೇಲೆ ಅಟ್ಟೆ ಪೇರಿಸಿದ್ದರು. ಎಲ್ಲ ಒಂದೇ ಅಳತೆ, ಎಲ್ಲ ಹಾಲಿನಷ್ಟು ಬಿಳಿ. ಘಟ್ಟದ ಕೆಳಗಿನಿಂದ ಲಾರಿಯಲ್ಲಿ ಬರುತ್ತವಂತೆ. ಅಂಗಡಿಯವನು ಎಷ್ಟು ಬೇಕೆಂದು ಮೊದಲು ತಮಿಳಿನಲ್ಲಿ, ನನ್ನ ಹಣೆಯ ವಿಭೂತಿ ಕಂಡ ಮೇಲೆ ಕನ್ನಡದಲ್ಲಿ ಕೇಳಿದ. ಸುಮ್ಮನೆ ನೋಡಲು ಬಂದೆ ಎಂದೆ. ಅವನು ಪಾಪ, ತನ್ನ ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಮೊಟ್ಟೆಗಳನ್ನು ಸುಮ್ಮನೆ ನೋಡಲು ಬಂದವರನ್ನು ಕಂಡಿರಲಿಲ್ಲವೇನೋ. ಪಕ್ಕಕ್ಕೆ ಸರಿದು, ಚೆನ್ನಾಗಿ ನೋಡಿ ಮೇಷ್ಟ್ರೆ ಎಂದು ಜಾಗ ಬಿಟ್ಟ.

ಕೋಳಿಯ ಮೊಟ್ಟೆ ಬಿಳಿ. ನಮ್ಮ ಹಿತ್ತಲಿನ ಮೊಟ್ಟೆ ಬಿಳಿಯಲ್ಲ. ಆದ್ದರಿಂದ ನಮ್ಮ ಹಿತ್ತಲಿನ ಮೊಟ್ಟೆ ಕೋಳಿಯದಲ್ಲ. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದದ್ದು ಇಂಥ ಮೂರು ಸಾಲುಗಳನ್ನೇ. ಮೊದಲ ಸಾಲು ಸರಿಯಿದೆಯೇ ಎಂದು ನೋಡಿಕೊಳ್ಳಿ ಎಂದು ಹುಡುಗರಿಗೆ ಪ್ರತಿಸಲವೂ ಎಚ್ಚರಿಸುತ್ತಿದ್ದೆ. ಆ ದಿನ ನನ್ನನ್ನು ಎಚ್ಚರಿಸಲು ಯಾವ ಮೇಷ್ಟ್ರೂ ಇರಲಿಲ್ಲ.

ಕಡೆಯದಾಗಿ ಒಂದು ಫೋಟೋ ತೆಗೆದು, ನಾನು ಸದಸ್ಯನಾಗಿರುವ ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಬ್ಬರು ನವಿಲಿನದಿರಬಹುದು ಎಂದರು. ಇನ್ನೊಬ್ಬರು ಮಯಿಲ್ ಎಂದು ಅದನ್ನೇ ತಮಿಳಿನಲ್ಲಿ ಬರೆದು ಕೈ ಮುಗಿದರು. ಮೂರನೆಯವರು, "ಪಕ್ಕದಲ್ಲೊಂದು ಬೆಂಕಿಪೊಟ್ಟಣ ಇಟ್ಟು ಮತ್ತೆ ಫೋಟೋ ಹಾಕಿ, ಗಾತ್ರ ತಿಳಿಯುತ್ತಿಲ್ಲ" ಎಂದರು. ನಾಲ್ಕನೆಯವನೊಬ್ಬ, ಹುಡುಗನಿರಬೇಕು, "ಕೋಳಿ ಮೊಟ್ಟೆ ಸರ್, ಬೇಯಿಸಿಕೊಂಡು ತಿನ್ನಿ" ಎಂದು ಬರೆದು ನಗುವ ಮುಖ ಹಾಕಿದ್ದ. ವೈಜ್ಞಾನಿಕ ಚರ್ಚೆಯಲ್ಲಿ ಇರಬೇಕಾದ ಗಾಂಭೀರ್ಯದ ಬಗ್ಗೆ ನಾನು ಅವನಿಗೆ ಉದ್ದನೆಯ ಉತ್ತರ ಬರೆದೆ. ಅವನು ಕ್ಷಮೆ ಕೇಳಿದ. ಬೆಂಕಿಪೊಟ್ಟಣ ಇಡುವುದು ಮರೆತುಹೋಯಿತು. ಸತ್ಯವನ್ನು ಕೈ ಎತ್ತಿಸಿ ತೀರ್ಮಾನಿಸಬಾರದು ಎಂದು ಪಾಠ ಹೇಳಿದವನು ಅಂದು ಕೈಗಳನ್ನು ಎಣಿಸಿದೆ.

ಮೂರನೆಯ ಬೆಳಿಗ್ಗೆ ಅವ್ವನ ಮುಂದೆ ನಿಂತು ಅದು ನವಿಲಿನದು ಎಂದು ತೀರ್ಪು ಕೊಟ್ಟೆ. ಬಣ್ಣ, ಹೊಳಪು, ಅಕ್ಕನ ಅಂಗೈ, ತಾಳವಾಡಿಯ ಅಂಗಡಿ, ಎಲ್ಲವನ್ನೂ ವಿವರಿಸಲು ಹೊರಟೆ. ಅವ್ವ ಅದೆಲ್ಲ ಬೇಡವೆಂದಳು. ನೀನು ಓದಿರುವವನು, ನೀನು ಹೇಳಿದೆಯಲ್ಲ, ಸಾಕು ಎಂದಳು. ಬುಟ್ಟಿ ತೆಗೆದುಕೊಂಡು ಹೋಗಿ ಎರಡು ದಿನದ ಹೂವನ್ನೂ ಸೇರಿಸಿ ಬಿಡಿಸಿದಳು. ಎಡಗೈಯ ಮೇಲೆ ಲಿಂಗವಿಟ್ಟುಕೊಂಡು ಕೂತವಳು ಎಂದಿಗಿಂತ ಕಾಲು ಗಂಟೆ ಹೆಚ್ಚೇ ಕೂತಿದ್ದಳು. ಮಧ್ಯಾಹ್ನ ಇಡೀ ಮುದ್ದೆ ಉಂಡು, ಸಾರು ಇನ್ನೊಂದು ಸೌಟು ಬಿಡು ಎಂದಾಗ ಮಂಗಳ ನನ್ನ ಕಡೆ ನೋಡಿದ ನೋಟಕ್ಕೆ ನಾನು ಪಿ.ಎಚ್‌ಡಿ. ಮಾಡದೆ ಇದ್ದ ಕೊರಗು ಹೋಯಿತು.

ಮಾತ್ರವಲ್ಲ, ಅವ್ವ ಸಂಜೆ ಒಂದು ಹಿಡಿ ರಾಗಿ ತಂದು ಗಿಡದ ಬುಡದಲ್ಲಿ ಚೆಲ್ಲಿದಳು. ಬಾಣಂತಿ ನವಿಲು, ತಿನ್ನಲಿ ಎಂದಳು. ಮರುದಿನ ರಾಗಿಯ ಒಂದು ಕಾಳೂ ಉಳಿದಿರಲಿಲ್ಲ, ಮೊಟ್ಟೆ ಎರಡಾಗಿದ್ದವು. ಒಂದು ವಾರದಲ್ಲಿ ಆರಾದವು. ನವಿಲು ನಾಲ್ಕೋ ಆರೋ ಇಡುತ್ತದೆಂದು ಫೋನಿನಲ್ಲಿ ಓದಿಕೊಂಡಿದ್ದೆ, ತೃಪ್ತಿಯಾಯಿತು. ಏಳು, ಎಂಟು ಆದಾಗ, ಎರಡು ನವಿಲು ಒಂದೇ ಗೂಡಿಗೆ ಬರುತ್ತಿವೆ ಎಂದು ವಿವರಿಸಿದೆ. ಹನ್ನೊಂದು ಆದಾಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇದೇ ದಿನಗಳಲ್ಲಿ ನಮ್ಮ ಪಕ್ಕದ ಮನೆಯ ಚಿಕ್ಕತಾಯಿ ಬೀದಿಯಲ್ಲಿ ಬೈದುಕೊಂಡು ತಿರುಗುತ್ತಿದ್ದಳು. ಚಿಕ್ಕತಾಯಿಯ ಬಗ್ಗೆ ಎರಡು ಮಾತು ಹೇಳಬೇಕು. ಐವತ್ತು ದಾಟಿದ ಗಟ್ಟಿ ಹೆಂಗಸು. ಎರಡು ಎಕರೆ ಹೊಲ, ಹತ್ತು ಹನ್ನೆರಡು ನಾಟಿಕೋಳಿ. ಬೆಳಗಾಗೆದ್ದು ಒಂದೊಂದೇ ಕೋಳಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹಿಂದಿನಿಂದ ಬೆರಳಿಟ್ಟು, ಇಂದು ಮೊಟ್ಟೆ ಇಡುತ್ತದೆಯೋ ಇಲ್ಲವೋ ಎಂದು ನೋಡುತ್ತಾಳೆ. ಇಡುವುದನ್ನು ಬಿದಿರಿನ ಮಂಕರಿ ಕೆಳಗೆ ಮುಚ್ಚುತ್ತಾಳೆ, ಇಡದ್ದನ್ನು ಬಿಡುತ್ತಾಳೆ. ಅವಳ ಬೆರಳು ಸುಳ್ಳಾದದ್ದಿಲ್ಲ. ಹೀಗಿರುವಾಗ ಅವಳ ಕೆಂಚು ಕೋಳಿಯೊಂದು ಬೆರಳಿಗೆ ಹೂಂ ಎನ್ನುತ್ತದೆ, ಮುಚ್ಚುವ ಮೊದಲೇ ನುಸುಳಿ ಹೋಗುತ್ತದೆ, ಮಧ್ಯಾಹ್ನ ಬರಿಹೊಟ್ಟೆಯಲ್ಲಿ ವಾಪಸು ಬರುತ್ತದೆ. ಎಲ್ಲೋ ಕದ್ದು ಇಡುತ್ತಿದೆ. ಇಡೀ ಬೀದಿಯ ಹುಲ್ಲಿನ ಮೆದೆ, ಅಟ್ಟ, ಹಳೆಯ ಗಾಡಿ, ಎಲ್ಲ ಹುಡುಕಿದಳು. ನಮ್ಮ ಮನೆಗೆ ಮಾತ್ರ ಬರಲಿಲ್ಲ. ಲಿಂಗದ ಮನೆಯಲ್ಲಿ ಹೋಗಿ ಮೊಟ್ಟೆ ಕೇಳುವುದು ಹೇಗೆ? ಕೋಳಿ ಇದನ್ನು ಅವಳಿಗಿಂತ ಮೊದಲೇ ಯೋಚಿಸಿತ್ತು. ಊರಲ್ಲಿ ಮೊಟ್ಟೆಗೆ ಕೈ ಹಾಕದ ಒಂದೇ ಹಿತ್ತಲನ್ನು ಆರಿಸಿಕೊಂಡಿತ್ತು.

ನೀವು ಇಷ್ಟು ಹೊತ್ತಿಗೆ ಎಲ್ಲವನ್ನೂ ತಿಳಿದುಕೊಂಡು ಮೀಸೆಯಡಿ ನಗುತ್ತಿದ್ದೀರಿ. ನಾನು ತಿಳಿದುಕೊಂಡಿರಲಿಲ್ಲ. ಒಂದು ಮಧ್ಯಾಹ್ನ ನೋಡಿದರೆ ಗೂಡಿನ ಮೇಲೆ ಕೆಂಚು ಕೋಳಿ ರೆಕ್ಕೆ ಅಗಲಿಸಿ ಕೂತಿದೆ. ಹತ್ತಿರ ಹೋದರೆ ಗರಿ ಕೆದರಿ ಗುರ್ ಎಂದಿತು. ಆಗಲಾದರೂ ಬುದ್ಧಿ ಬರಬೇಕಿತ್ತು. ಬಂದದ್ದು ಒಂದು ಸಿದ್ಧಾಂತ. ನವಿಲಿನ ಮೊಟ್ಟೆಯನ್ನು ಕೋಳಿಯ ಕೆಳಗಿಟ್ಟು ಮರಿ ಮಾಡಿಸುತ್ತಿದ್ದರೆಂದು ಮಾವ ಹೇಳಿದ್ದ. ಇಲ್ಲಿ ಯಾರೂ ಇಡದೆಯೇ, ತಾಯಿ ನವಿಲು ಬಿಟ್ಟುಹೋದ ಮೊಟ್ಟೆಗಳಿಗೆ ಕೋಳಿ ತಾನಾಗಿ ಕಾವು ಕೊಡುತ್ತಿದೆ. ಇದು ಬರೆದಿಡಬೇಕಾದ ಸಂಗತಿ. ಅವ್ವನಿಗೆ ವಿವರಿಸಿದೆ. ಅವಳು ಕೋಳಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಪಾಪ, ಒಳ್ಳೆ ಕೋಳಿ" ಎಂದಳು. ಮರುದಿನ ರಾಗಿಯ ಜೊತೆ ತೆಂಗಿನ ಕರಟದಲ್ಲಿ ನೀರನ್ನೂ ಇಟ್ಟಳು.

ಚಿಕ್ಕತಾಯಿ ಬಂದದ್ದು ಕರಿಬೇವಿಗೆ. ಹಿತ್ತಲ ಬೇಲಿಯ ಹತ್ತಿರ ನಿಂತವಳು ತಟಕ್ಕನೆ ತಲೆ ತಿರುಗಿಸಿದಳು. ತಾಯಿಗೆ ಕೂಸಿನ ದನಿ ತಿಳಿಯುವ ಹಾಗೆ ಅವಳಿಗೆ ಕೋಳಿಯ ದನಿ ತಿಳಿಯುತ್ತದೆ. ನಾನು ಒಬ್ಬನೇ ಇದ್ದೆ. ಅವಳಿಗೂ ಸಿದ್ಧಾಂತ ವಿವರಿಸಿದೆ. ಅವಳು ಕೊನೆಯವರೆಗೆ ಕೇಳಿದಳು. ಕೊನೆಗೆ ಕೂತು, ಕೋಳಿಯನ್ನು ಮೆಲ್ಲಗೆ ಎತ್ತಿ, ಕಾಲಿಗೆ ಕಟ್ಟಿದ್ದ ಕೆಂಪು ಬಟ್ಟೆಯ ಚೂರನ್ನು ತೋರಿಸಿದಳು.

"ಮೇಷ್ಟ್ರೆ, ಇದು ನನ್ ಕೋಳಿ. ಇವು ನನ್ ಕೋಳಿ ಮೊಟ್ಟೆ. ಇದ ನವಿಲು ಅಂತ ನಿಮ್ಗೆ ಏಳಿದ್ಯಾರು?"

ನಾನೇ, ಎಂದೆ.

ತಾಳವಾಡಿಯ ಬಿಳಿ ಮೊಟ್ಟೆಗಳ ಬಗ್ಗೆ ಹೇಳಿದೆ. ಅವು ಫಾರಂ ಕೋಳಿಯವು, ನಾಟಿಕೋಳಿಯದು ಹೀಗೇ ಇರುವುದು, ಕೂಸಿಗೂ ಗೊತ್ತು ಎಂದಳು. ಕೂಸಿಗೆ ಗೊತ್ತಿರಬಹುದು; ನಮ್ಮ ಮನೆಯಲ್ಲಿ ಮಾತ್ರ ನಾಲ್ಕು ತಲೆಮಾರಿನಿಂದ ಯಾವ ಕೂಸಿಗೂ ಗೊತ್ತಿಲ್ಲ. ಅವಳು ಸೆರಗು ಸಿಕ್ಕಿಸಿ, ಈಗಲೇ ಮಂಕರಿ ತರುತ್ತೇನೆ ಎಂದು ಎದ್ದಳು. ಒಳಗೆ ಅವ್ವ ಪೂಜೆಗೆ ಕೂತಿದ್ದಳು. ಅವಳ ಕೈಯ ಲಿಂಗದ ಮೇಲೆ ಇದೇ ಗಿಡದ ಹೂವಿತ್ತು. ಎರಡು ವಾರದಿಂದ ಇತ್ತು. ನಾನು ವಿಷಯ ಹೇಳಿದೆ. ತೀರ್ಪು, ಹೂವು, ಅರ್ಧ ಮುದ್ದೆ, ಎಲ್ಲ.

ಚಿಕ್ಕತಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತುಬಿಟ್ಟಳು. ಅವಳ ಭುಜ ಕುಣಿಯುತ್ತಿತ್ತು. ಸಾವರಿಸಿಕೊಂಡ ಮೇಲೆ, ಕಾವಿಗೆ ಕೂತ ಕೋಳಿಯನ್ನು ಕದಲಿಸಿದರೆ ಎದ್ದುಬಿಡುತ್ತದೆ, ಮೊಟ್ಟೆ ಕೆಡುತ್ತದೆ, ಇಲ್ಲೇ ಇರಲಿ ಎಂದಳು. ಅದು ನನ್ನ ಮೇಲಿನ ಕರುಣೆಯೋ ಕೋಳಿಯ ಮೇಲಿನ ಕಾಳಜಿಯೋ ನನಗೆ ಇಂದಿಗೂ ಅನುಮಾನ. ಅಲ್ಲಿಂದ ಪ್ರತಿದಿನ ಕರಿಬೇವಿನ ನೆಪದಲ್ಲಿ ಬಂದು, ನವಿಲು ಹೇಗಿದೆ ಮೇಷ್ಟ್ರೆ ಎಂದು ಅವ್ವನ ಕಿವಿಗೂ ಬೀಳುವಂತೆ ನನ್ನನ್ನು ವಿಚಾರಿಸತೊಡಗಿದಳು. ನಮ್ಮ ಕರಿಬೇವಿನ ಗಿಡ ಆ ತಿಂಗಳು ಬೋಳಾಯಿತು. ಒಮ್ಮೆ ಮೋಡ ಕವಿದಾಗ ಒಂದು ತುಂಡು ಇದ್ದಿಲು, ಒಂದು ಹಳೆಯ ಲಾಳ ತಂದು ಗೂಡಿನ ಬಳಿ ಇಟ್ಟಳು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಕೋಳಿ ಸಾಕುವವರೆಲ್ಲ ಹೀಗೆ ಮಾಡುತ್ತಾರೆ. ಅದೇನೆಂದು ಅವ್ವ ಕೇಳಿದಳು. "ನವಿಲ್ ಮೊಟ್ಟೆಗೂ ಗುಡುಗು ಆಗಲ್ಲ ದೊಡ್ಡವ್ವ" ಎಂದಳು ಚಿಕ್ಕತಾಯಿ, ಮುಖದ ಒಂದು ಗೆರೆಯೂ ಅಲುಗದೆ.

ನನಗೆ ಮಾತ್ರ ನೆಮ್ಮದಿಯಿಲ್ಲ. ಸತ್ಯ ಗೊತ್ತಿದ್ದೂ ಹೇಳದೆ ಇರುವುದು ನನ್ನ ಜಾಯಮಾನವಲ್ಲ. ಸತ್ಯ ಗೊತ್ತಿಲ್ಲದೆ ಹೇಳುವುದು ಬೇಕಾದಷ್ಟಿದೆ. ಅವ್ವ ಬೇರೆ ಯಾರನ್ನೂ ಕೇಳದೆ ನನ್ನ ಒಂದು ಮಾತಿನ ಮೇಲೆ ದಿನವೂ ತನ್ನ ದೇವರಿಗೆ ಹೂವಿಡುತ್ತಿದ್ದಾಳೆ. ಅವಳ ದೇವರನ್ನು ನಾನು ನಂಬುವುದಿಲ್ಲ. ಆದರೆ ನಂಬದವನಿಗೆ ನಂಬುವವರನ್ನು ಮೋಸಮಾಡುವ ಹಕ್ಕು ಎಲ್ಲಿಂದ ಬಂತು? ಮೂರು ಸಲ ಹೇಳಲು ಹೋದೆ. ಒಂದು ಸಲ ಅವ್ವ ಹೂ ಬಿಡಿಸುತ್ತ ಏನೋ ಹಾಡಿಕೊಳ್ಳುತ್ತಿದ್ದಳು. ಇನ್ನೊಂದು ಸಲ ಮುದ್ದೆ ಮುರಿಯುತ್ತಿದ್ದಳು. ಮೂರನೆಯ ಸಲ ಮಂಗಳ ನಡುವೆ ಬಂದು ನಿಂತಳು. ಅವಳಿಗೆ ಗೊತ್ತಾಗಿತ್ತು, ಚಿಕ್ಕತಾಯಿಗೆ ಗೊತ್ತಾದದ್ದು ಮಂಗಳಳಿಗೆ ತಲುಪಲು ಒಂದು ಬೇಲಿಯಷ್ಟೇ ದೂರ.

"ಉಣ್ಣೋರ್ ಮುಂದೆ ನಿಮ್ ಸತ್ಯನ ತಂದು ಬಡಿಸ್ಬ್ಯಾಡಿ" ಎಂದಳು.

ಕೋಳಿ ಕಾವಿಗೆ ಕೂತ ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಹಿತ್ತಲಿನಲ್ಲಿ ಕಿಂಯ್ ಕಿಂಯ್ ಎಂಬ ಸದ್ದು. ನಾನು ಹೋಗುವಷ್ಟರಲ್ಲಿ ಚಿಕ್ಕತಾಯಿ ಮಂಕರಿ ಸಮೇತ ಬಂದಿದ್ದಳು. ಮಂಗಳ ಒದ್ದೆ ಕೈಯಲ್ಲೇ ಓಡಿಬಂದಳು. ಅವ್ವ ಬುಟ್ಟಿ ಹಿಡಿದು ಮೊದಲೇ ನಿಂತಿದ್ದಳು. ಕೆಂಚು ಕೋಳಿಯ ರೆಕ್ಕೆಯಡಿಯಿಂದ ಒಂದೊಂದಾಗಿ ಹೊರಬಂದವು. ಹಳದಿ, ಕಂದು, ಬೆನ್ನ ಮೇಲೆ ಗೆರೆಯಿರುವ ಒಂದೆರಡು. ಒಂಬತ್ತು. ಕೋಳಿಮರಿಗಳು. ಕಣ್ಣಿದ್ದವರು ಯಾರೂ ಬೇರೆ ಹೆಸರು ಹೇಳುವ ಹಾಗಿರಲಿಲ್ಲ. ಒಂದು ಮರಿ ಅವ್ವನ ಪಾದದ ಮೇಲೆ ಹತ್ತಿ ಇಳಿಯಿತು.

ಇನ್ನು ಮುಚ್ಚಿಡುವುದು ಏನಿದೆ? ನಾನು ಗಂಟಲು ಸರಿಮಾಡಿಕೊಂಡೆ. ಅವ್ವ, ಒಂದು ಮಾತು ಹೇಳಬೇಕು ಎಂದೆ.

ಅವ್ವ ನನ್ನ ಕಡೆ ತಿರುಗಿದಳು. ಅವಳ ಕಣ್ಣಿಗೆ ಹೋದ ವರ್ಷ ಪೊರೆ ತೆಗೆಸಿದ್ದೇವೆ, ಈಗ ಸೂಜಿಗೆ ದಾರ ಪೋಣಿಸುತ್ತಾಳೆ. ಆ ಕಣ್ಣುಗಳಲ್ಲಿ ನನ್ನನ್ನು ನೇರ ನೋಡಿ ನಿಧಾನವಾಗಿ ಹೇಳಿದಳು.

"ಒಂದು ತಿಂಗ್ಳಿಂದ ನಿನ್ ಮಾತಿನ ಮೇಲೆ ಸಿವನಿಗೆ ಊವ ಇಟ್ಟಿವ್ನಿ ಕಣ್ಲಾ. ನೀನು ಓದಿರೋನು. ಇವು ಯಾವುವು, ಏಳು. ನೋಡ್ಕಂಡು ಏಳು."

ಮರಿಗಳು ತಾವು ಯಾರೆಂದು ಸಾರಿ ಸಾರಿ ಹೇಳುತ್ತಿದ್ದವು. ಮಂಗಳ ಸೀರೆಗೆ ಕೈ ಒರೆಸಿಕೊಳ್ಳುತ್ತ ನೆಲ ನೋಡಿದಳು. ಚಿಕ್ಕತಾಯಿ ಆಕಾಶ ನೋಡಿದಳು. ನಾನು ಗಿಡ ನೋಡಿದೆ. ಅಂದು ಬೆಳಿಗ್ಗೆ ಅರಳಿದ ಹೂವುಗಳು, ಇನ್ನೂ ಯಾರೂ ಮುಟ್ಟಿರಲಿಲ್ಲ. ಅವ್ವನ ಬುಟ್ಟಿ ಖಾಲಿಯಿತ್ತು.

"ನವಿಲು, ಅವ್ವ" ಎಂದೆ.

"ಅಂಗೇ ಅಂದ್ಕಂಡೆ" ಎಂದಳು ಅವ್ವ. ಆಮೇಲೆ ಚಿಕ್ಕತಾಯಿಯ ಕಡೆ ತಿರುಗಿ, "ಈ ನವಿಲ್ ಮರಿಗಳ ನೀನೇ ತಕಂಡೋಗಿ ಸಾಕವ್ವ. ನಮ್ ಮನೇಲಿ ನವಿಲು ಸಾಕೋ ಪದ್ದತಿ ಇಲ್ಲ" ಎಂದಳು. ಬಗ್ಗಿ, ಕಾಲ ಬಳಿಯ ಮರಿಯನ್ನು ಸೀರೆಯ ಅಂಚಿನಿಂದ ಆಚೆ ನೂಕಿ, ಹೂ ಬಿಡಿಸಲು ಶುರುಮಾಡಿದಳು.

ಚಿಕ್ಕತಾಯಿ ಮಂಕರಿ ಹೊತ್ತು ಬೀದಿಗೆ ಇಳಿದಾಗ, ಅದೇನೆಂದು ಕೇಳಿದವರಿಗೆಲ್ಲ ಮೇಷ್ಟ್ರ ಮನೆಯ ನವಿಲುಮರಿ ಎಂದು ಹೇಳಿಕೊಂಡೇ ಹೋದಳು. ಅದಾಗಿ ನಾಲ್ಕು ತಿಂಗಳಾಯಿತು. ಒಂಬತ್ತರಲ್ಲಿ ಎರಡು ಹದ್ದಿನ ಪಾಲಾದವು. ಉಳಿದವು ಚೆನ್ನಾಗಿ ಬೆಳೆದಿವೆ. ಒಂದು ಹುಂಜ. ಕೆಂಪು ಜುಟ್ಟು ಬಂದಿದೆ, ಈಚೆಗೆ ಕೂಗುವುದನ್ನೂ ಕಲಿತಿದೆ. ಬೆಳಕು ಹರಿಯುತ್ತಿದ್ದಂತೆ ಚಿಕ್ಕತಾಯಿಯ ಮನೆಯ ಹೆಂಚಿನ ಮೇಲೆ ಹತ್ತಿ, ಕತ್ತು ಉದ್ದಮಾಡಿ, ಇಡೀ ಪಣಕಹಳ್ಳಿಗೆ ಕೇಳುವಂತೆ ಕೊಕ್ಕೊಕ್ಕೋ ಎನ್ನುತ್ತದೆ. ಆಗ ನಮ್ಮ ಪಡಸಾಲೆಯಿಂದ, ಸ್ನಾನ ಮುಗಿಸಿ ಹೂವಿನ ಬುಟ್ಟಿ ಕೈಗೆತ್ತಿಕೊಳ್ಳುತ್ತ ಅವ್ವ ನನ್ನನ್ನು ಕರೆಯುತ್ತಾಳೆ.

"ಏಳ್ಲಾ ಮ್ಯಾಕೆ. ನಿನ್ ನವಿಲು ಕೂಗ್ತು."

ನಾನು ಏಳುತ್ತೇನೆ.